ಒಂಬತ್ತು ನಿಮಿಷ ಹಿಂದಿದ್ದ ಗಡಿಯಾರ

ಬುಧವಾರ ಬೆಳಿಗ್ಗೆ 11.10ಕ್ಕೆ ಠಾಣೆಗೆ ಬಂದ ದೂರನ್ನು ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೆಬಲ್, ಕಳುವಾದ ವಸ್ತು ಯಾವುದೆಂದು ಕೇಳಿ ಪೆನ್ನು ನಿಲ್ಲಿಸಿದ. ದೂರು ಕೊಡಲು ಬಂದಿದ್ದ ವಿಜ್ಞಾನಿ ‘ಹೃದಯ’ ಎಂದಿದ್ದರು. ಮಾತು ಮಾತಿಗೂ ಗಾದೆ ಹೇಳುವ ಈತನಿಗೆ ಠಾಣೆಯಲ್ಲಿ ಗಾದೆ ಎಂದೇ ಹೆಸರು. ಅಂಥವನ ಬಾಯಿಗೂ ಆಗ ಒಂದು ಗಾದೆ ಬರಲಿಲ್ಲ.

ಇನ್‌ಸ್ಪೆಕ್ಟರ್ ಒಳಗಿನಿಂದ ಎದ್ದು ಬಂದಳು. ವಿಜ್ಞಾನಿ ಐವತ್ತರ ಹೆಂಗಸು. ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು.

“ಇಡೀ ಹೃದಯ ಅಲ್ಲ, ಮೇಡಂ. ಹೃದಯದ ಜೀವಕೋಶಗಳು. ಅಂಗೈಯಗಲದ ಚಪ್ಪಟೆ ಬಾಟಲಿಯಲ್ಲಿ ಬೆಳೆಸಿದ್ದು. ಅದರಲ್ಲೇ ಬಡೀತಾ ಇರುತ್ತೆ.”

“ಯಾರದ್ದು?”

“ಒಬ್ಬ ಹುಡುಗಿದು. ತೀರಿಕೊಂಡು ಎರಡು ವರ್ಷ ಆಯ್ತು. ಆಸ್ಪತ್ರೆಯವರು ಅವಳ ತೋಳಿಂದ ಸಾಸಿವೆಯಷ್ಟು ಚರ್ಮ ತೆಗೆದಿಟ್ಟಿದ್ರು.”

“ಚರ್ಮದಿಂದ ಹೃದಯ ಹೇಗಾಗುತ್ತೆ?”

“ನಿಮ್ಮ ಇಲಾಖೆಯಲ್ಲಿ ಎಲ್ಲರಿಗೂ ಒಂದೇ ಕೈಪಿಡಿ ಕೊಡ್ತಾರಲ್ಲ? ಟ್ರಾಫಿಕ್‌ನವರು ಟ್ರಾಫಿಕ್ ಪುಟ ಮಾತ್ರ ಓದ್ತಾರೆ. ಉಳಿದ ಪುಟ ಮುಚ್ಚಿರುತ್ತೆ, ಹರಿದುಹೋಗಿರಲ್ಲ. ಹಾಗೇ ಮೈಯ ಒಂದೊಂದು ಕೋಶದಲ್ಲೂ ಇಡೀ ಕೈಪಿಡಿ ಇದೆ. ಚರ್ಮದ ಕೋಶ ಚರ್ಮದ ಪುಟ ಓದುತ್ತೆ. ನಾವು ಅದನ್ನ ಮುಚ್ಚಿ ಹೃದಯದ ಪುಟ ತೆರೆಸಿದ್ವಿ. ಒಂದು ದಿನ ಬಡಿಯೋಕೆ ಶುರುವಾಯ್ತು.”

“ನಾನಂತೂ ಯಾವ ಪುಟಾನೂ ತೆರೆದಿಲ್ಲ” ಎಂದ ಗಾದೆ. ಇನ್‌ಸ್ಪೆಕ್ಟರ್ ನೋಡಿದ ನೋಟಕ್ಕೆ ತಲೆ ತಗ್ಗಿಸಿ ಮತ್ತೆ ಬರೆಯತೊಡಗಿದ.

“ಆ ಹುಡುಗಿಯ ಹೃದಯದ ಪುಟದಲ್ಲಿ ಒಂದು ಸಾಲು ತಪ್ಪಾಗಿತ್ತು. ಅದೇ ತಪ್ಪಿರೋ ಇನ್ನೊಂದು ಮಗು ಈಗ ಆಸ್ಪತ್ರೆಯಲ್ಲಿದೆ. ನಾಲ್ಕು ವರ್ಷ. ಎಷ್ಟು ಔಷಧಿಯನ್ನ ಅಂಥ ಹೃದಯ ತಡ್ಕೊಳ್ಳುತ್ತೆ ಅಂತ ನಾಳೆ ಈ ಬಾಟಲಿಯಲ್ಲಿ ನೋಡ್ಬೇಕಿತ್ತು. ಹೊಸದಾಗಿ ಬೆಳೆಸೋಕೆ ಮೂರು ತಿಂಗಳು ಬೇಕು. ಆ ಮಗುವಿಗೆ ಅಷ್ಟು ದಿನ ಇಲ್ಲ, ಮೇಡಂ.”

“ಹೊರಗೆ ಎಷ್ಟು ಹೊತ್ತು ಉಳಿಯುತ್ತೆ?”

“ಬೆಚ್ಚಗಿದ್ದರೆ ಸಂಜೆವರೆಗೆ. ತಣ್ಣಗಾದ್ರೆ ಅಷ್ಟೂ ಇಲ್ಲ.”

11.30ಕ್ಕೆ ಎಫ್‌ಐಆರ್ ದಾಖಲಾಯಿತು. ಮುಕ್ಕಾಲು ಗಂಟೆಯೊಳಗೆ ಅವರು ಪ್ರಯೋಗಾಲಯದಲ್ಲಿದ್ದರು. ಉದ್ದನೆಯ ಸ್ಟೀಲ್ ಮೇಜು, ಒಂದು ಸೂಕ್ಷ್ಮದರ್ಶಕ, ಮೂಲೆಯಲ್ಲಿ ಫ್ರಿಜ್ಜಿನಂತೆ ಕಾಣುವ ಪೆಟ್ಟಿಗೆ. ಆದರೆ ಅದು ತಣ್ಣಗಿಡುವುದಲ್ಲ, ಬೆಚ್ಚಗಿಡುವುದು. ಬೀಗ ಒಡೆದಿರಲಿಲ್ಲ. ಲಕ್ಷಗಟ್ಟಲೆ ಬೆಲೆಯ ಸೂಕ್ಷ್ಮದರ್ಶಕವನ್ನು ಯಾರೂ ಮುಟ್ಟಿರಲಿಲ್ಲ. ಅಲ್ಲಿನ ಸಹಾಯಕಿ ಬಾಗಿಲಿಗೆ ಬೀಗ ಹಾಕದೆ ಚಹಾ ಕುಡಿಯಲು ಹೋಗಿದ್ದ ಇಪ್ಪತ್ತು ನಿಮಿಷದಲ್ಲಿ ಬಾಟಲಿ ಮಾಯವಾಗಿತ್ತು.

ಗಾದೆ ಪಂಚನಾಮೆಯ ಹಾಳೆ ತೆಗೆದು, ಗೋಡೆಯ ಗಡಿಯಾರ ನೋಡಿ, “ಸಮಯ 12.18” ಎಂದು ಬರೆದ.

“ಅದನ್ನ ನೋಡಿ ಬರೀಬೇಡಿ, ಸರ್” ಎಂದಳು ಸಹಾಯಕಿ. “ಒಂಬತ್ತು ನಿಮಿಷ ಹಿಂದೆ ಇದೆ.”

ಇನ್‌ಸ್ಪೆಕ್ಟರ್ ತನ್ನ ಕೈಗಡಿಯಾರ ನೋಡಿದಳು. 12.18. ಗಾದೆಯ ಫೋನಿನಲ್ಲೂ 12.18.

“ಬೆಳಿಗ್ಗೆ ಹಿಂದಿತ್ತು, ಮೇಡಂ! ನಿಜವಾಗ್ಲೂ.”

ಗಡಿಯಾರದ ಕೆಳಗೆ ಒಂದು ಸ್ಟೂಲಿತ್ತು. ಗಾದೆ ಹತ್ತಿ ನೋಡಿದ. ಗಡಿಯಾರದ ನೆತ್ತಿಯ ಧೂಳಿನಲ್ಲಿ ನಾಲ್ಕು ಬೆರಳಿನ ಗುರುತು.

“ಕದಿಯೋಕೆ ಬಂದವನು ಗಡಿಯಾರ ಸರಿ ಮಾಡಿ ಹೋದನಲ್ಲ, ಮೇಡಂ. ಹುಟ್ಟುಗುಣ ಸುಟ್ಟರೂ ಹೋಗಲ್ಲ.”

ಗಾದೆಯ ಗಾದೆ ಕೆಲಸಕ್ಕೆ ಬಂದದ್ದು ಅದೇ ಮೊದಲು. ಇನ್‌ಸ್ಪೆಕ್ಟರ್ ಸಹಾಯಕಿಯ ಕಡೆ ತಿರುಗಿದಳು.

“ಈ ಗಡಿಯಾರದ ಬಗ್ಗೆ ಯಾರಾದ್ರೂ ಮಾತಾಡಿದ್ರಾ?”

“ಹೋದ ತಿಂಗಳು ಆ ಪೆಟ್ಟಿಗೆಯ ಟೈಮರ್ ಕೆಟ್ಟಿತ್ತು. ವಾಚ್ ರಿಪೇರಿಯವರೊಬ್ಬರು ಬಂದು ಸರಿ ಮಾಡಿದ್ರು. ಗಡಿಯಾರಾನೂ ಬಿಚ್ಚಲಾ ಅಂದ್ರು. ಬೇಡ, ನಮಗೆ ಅಭ್ಯಾಸ ಆಗಿದೆ ಅಂದೆ.”

“ಬಾಟಲಿ ನೋಡಿದ್ರಾ?”

“ನಾನೇ ತೋರಿಸ್ದೆ. ಮುಚ್ಚಳದ ಮೇಲಿನ ಆಸ್ಪತ್ರೆ ನಂಬರ್ ಓದಿದ್ರು. ಆಮೇಲೆ ಬಹಳ ಹೊತ್ತು ಬಗ್ಗಿಕೊಂಡೇ ನೋಡಿದ್ರು. ಇದನ್ನ ಮುಂದೆ ಏನು ಮಾಡ್ತೀರ ಅಂತ ಕೇಳಿದ್ರು.”

“ಏನಂದ್ರಿ?”

ಅವಳ ದನಿ ಇಳಿಯಿತು. “ಔಷಧಿ ಹೆಚ್ಚಿಸ್ತಾ ಹೋಗ್ತೀವಿ, ಎಲ್ಲಿ ನಿಲ್ಲುತ್ತೋ ನೋಡ್ತೀವಿ ಅಂದೆ. ತಾರೀಖೂ ಹೇಳಿದ್ದೆ.”

12.40ಕ್ಕೆ ಆಸ್ಪತ್ರೆಗೆ ಫೋನ್ ಹೋಯಿತು. ಆ ನಂಬರಿನ ಎದುರು ದಾಖಲೆಯಲ್ಲಿದ್ದದ್ದು: ಹೆಣ್ಣುಮಗು, ಏಳು ವರ್ಷ. ತಂದೆಯ ಉದ್ಯೋಗ, ವಾಚ್ ರಿಪೇರಿ. ಇನ್‌ಸ್ಪೆಕ್ಟರ್ ಅಂಗಡಿಯ ವಿಳಾಸವನ್ನೂ ಈಗ ಅಲ್ಲಿರುವ ಮಗುವಿನ ಸ್ಥಿತಿಯನ್ನೂ ಕೇಳಿ ಫೋನ್ ಇಟ್ಟಳು. ಜೀಪು ಅಂಗಡಿಯತ್ತ ಹೊರಟಿತು.

ಅಂಗಡಿ ಒಬ್ಬ ದರ್ಜಿಗೂ ಒಬ್ಬ ಬೀಗದ ಕೈ ಮಾಡುವವನಿಗೂ ನಡುವೆ, ಒಂದು ಬಾಗಿಲಿನಷ್ಟೇ ಅಗಲ. ಗೋಡೆ ತುಂಬ ಗಡಿಯಾರಗಳು, ಎಲ್ಲದರಲ್ಲೂ 1.20. ಒಂದಕ್ಕೊಂದು ಚೂರೂ ಹಿಂದೆ ಮುಂದೆ ಇಲ್ಲ. ಸೆಕೆಯ ದಿನ, ಆದರೂ ಆತ ಸ್ವೆಟರ್ ಹಾಕಿ ಕುಳಿತಿದ್ದ. ಹಣೆಯ ಮೇಲೆ ಭೂತಗನ್ನಡಿ, ಎದೆಗೆ ಒತ್ತಿ ಹಿಡಿದ ಎಡಗೈ. ಬಾಗಿಲಲ್ಲಿ ಖಾಕಿ ಕಂಡಾಗಲೂ ಆ ಕೈ ಸರಿಯಲಿಲ್ಲ.

“ಎಲ್ಲಿದೆ?”

“ಇಲ್ಲೇ ಇದೆ, ಮೇಡಂ” ಎಂದು ಸ್ವೆಟರಿನೊಳಗೆ ತೋರಿಸಿದ. “ಮೂವತ್ತೇಳು ಡಿಗ್ರಿ ಇರಬೇಕು. ಆ ಪೆಟ್ಟಿಗೆ ರಿಪೇರಿ ಮಾಡಿದ್ದು ನಾನೇ. ಮೈಶಾಖಾನೂ ಅಷ್ಟೇ ಅಲ್ವಾ?”

“ಕದಿಯೋಕೇ ಹೋಗಿದ್ರಾ?”

“ಇಲ್ಲ. ಗಡಿಯಾರ ಸರಿ ಮಾಡೋಕೆ ಹೋಗಿದ್ದೆ. ಅದನ್ನ ನೋಡ್ಕೊಂಡು ಅವಳ ಬಡಿತ ಎಣಿಸ್ತಾರೆ. ಅದು ಕುಂಟೋ ಗಡಿಯಾರ. ಕೊನೇ ಲೆಕ್ಕ ಆದ್ರೂ ಸರಿಯಿರಲಿ ಅಂತ ಹೋದೆ. ಸರಿ ಮಾಡಿದೆ. ಒಂದ್ಸಲ ನೋಡಿ ಹೊರಟುಬಿಡೋಣ ಅಂತ ಬಗ್ಗಿದೆ.” ಆತ ಸ್ವೆಟರನ್ನು ಎದೆಗೆಳೆದುಕೊಂಡ. “ಆಮೇಲೆ ಬಿಟ್ಟು ಬರೋಕಾಗ್ಲಿಲ್ಲ. ಅದು ಒಂದ್ಸಲ ನಿಂತಾಗ ಪಕ್ಕದಲ್ಲೇ ಇದ್ದೆ, ಮೇಡಂ. ಇನ್ನೊಂದ್ಸಲ ಯಾಕೆ ನಿಲ್ಲಬೇಕು?”

“ಅದು ಪ್ರಯೋಗಾಲಯದ ಸ್ವತ್ತು.”

“ಅರ್ಧ ನನ್ನದು, ಅರ್ಧ ಅವಳಮ್ಮಂದು. ಅದರಲ್ಲಿರೋ ತಪ್ಪು ಮಾತ್ರ ಪೂರ್ತಿ ನನ್ನದೇ. ಡಾಕ್ಟ್ರು ಪರೀಕ್ಷೆ ಮಾಡಿ ಹೇಳಿದ್ರು. ನನ್ನೊಳಗೆ ಐವತ್ತು ವರ್ಷ ತುಟಿ ಪಿಟಕ್ ಅನ್ನದೆ ಕೂತಿದೆ. ಅವಳಲ್ಲಿ ಬಾಯಿಬಿಡ್ತು. ಸಾವಿರ ಗಡಿಯಾರ ಸರಿ ಮಾಡಿದೀನಿ. ಅವಳಿಗೆ ಮಾತ್ರ ಕೆಟ್ಟದ್ದು ಕೊಟ್ಟೆ.”

ಕೈ ಹಾಕಿ ಬಾಟಲಿ ಕಿತ್ತುಕೊಳ್ಳಲು ಗಾದೆಗೆ ಒಂದು ಕ್ಷಣ ಸಾಕಿತ್ತು. ಇನ್‌ಸ್ಪೆಕ್ಟರ್ ಅವನಿಗೆ ಹೊರಗಿರಲು ಸನ್ನೆ ಮಾಡಿ, ಗಿರಾಕಿಗಳ ಸ್ಟೂಲಿನ ಮೇಲೆ ಕುಳಿತಳು.

“ಇದೇ ತಪ್ಪಿರೋ ಇನ್ನೊಂದು ಮಗು ಇದೆ. ನಾಲ್ಕು ವರ್ಷ. ಅದಕ್ಕೆ ಎಷ್ಟು ಔಷಧಿ ಕೊಡಬಹುದು ಅಂತ ನೋಡೋಕೇ ನಾಳೆಯ ಪರೀಕ್ಷೆ. ಇದು ನಿಮಗೆ ಯಾರೂ ಹೇಳಿರಲಿಲ್ಲ ಅನ್ಸುತ್ತೆ.”

ಆತ ಎದೆಯ ಮೇಲಿನ ಕೈಯನ್ನು ನೋಡಿಕೊಂಡ. ಗಡಿಯಾರಗಳು ತಮ್ಮ ಪಾಡಿಗೆ ನಡೆಯುತ್ತಿದ್ದವು.

“ಗಂಡೋ, ಹೆಣ್ಣೋ?”

“ಹೆಣ್ಣು.”

“ಓಡಾಡುತ್ತಾ?”

“ನಾಲ್ಕು ಹೆಜ್ಜೆ ಹಾಕಿ ಕೂತ್ಕೊಳ್ಳುತ್ತಂತೆ.”

“ಇವಳೂ ಹಾಗೇ ಮಾಡ್ತಿದ್ಲು” ಎಂದು ಆತ ಸ್ವೆಟರಿನ ಗುಂಡಿ ಬಿಚ್ಚಿದ. “ಒಂದು ನಿಮಿಷ ಕೊಡ್ತೀರಾ?”

ಭೂತಗನ್ನಡಿ ಕಣ್ಣಿಗೆ ಇಳಿಯಿತು. ಬಾಟಲಿಯನ್ನು ಬೆಳಕಿಗೆ ಹಿಡಿದು ಒಂದು ಕಣ್ಣಿನಲ್ಲಿ ಅದನ್ನು, ಇನ್ನೊಂದರಲ್ಲಿ ಸೆಕೆಂಡಿನ ಮುಳ್ಳನ್ನು ನೋಡುತ್ತ ಆತ ತುಟಿಯಲ್ಲೇ ಎಣಿಸಿದ. ಇನ್‌ಸ್ಪೆಕ್ಟರ್ ಕರೆಗೆ ಬೆಚ್ಚಗಿನ ಕೈಪೆಟ್ಟಿಗೆ ಹಿಡಿದು ಓಡಿಬಂದಿದ್ದ ವಿಜ್ಞಾನಿ ಬಾಗಿಲಲ್ಲೇ ನಿಂತರು. ಮುಳ್ಳು ಒಂದು ಸುತ್ತು ಬಂತು.

“ಐವತ್ತೆಂಟು” ಎಂದು ಆತ ಬಾಟಲಿಯನ್ನು ಎರಡೂ ಕೈಯಲ್ಲಿ ವಿಜ್ಞಾನಿಗೆ ಕೊಟ್ಟ. “ನಾಳೆ ನಿಂತಾಗ ಆ ಗಡಿಯಾರ ನೋಡಿ ಬರ್ಕೊಳ್ಳಿ, ಅಮ್ಮಾ. ಈಗ ಅದು ಸರಿಯಾಗಿದೆ.”

“ಎಣಿಸೋದು ನಾನೇ” ಎಂದರು ವಿಜ್ಞಾನಿ. “ನಿಮ್ಮನ್ನ ಮೊದಲೇ ಕೇಳಬೇಕಿತ್ತು. ತಪ್ಪಾಯ್ತು.”

1.55ಕ್ಕೆ ಬಂಧನವಾಯಿತು. ಗಾದೆ ಬೇಡಿ ಹಾಕಲಿಲ್ಲ. ಅಂಗಡಿಯ ಬಾಗಿಲೆಳೆಯಲು ಕೈ ಜೋಡಿಸಿದ. ವಶಪಡಿಸಿಕೊಂಡ ಸ್ವತ್ತಿನ ಪಟ್ಟಿಯಲ್ಲಿ ‘ಸ್ಥಿತಿ’ ಎಂಬ ಕಲಂ ಇರುತ್ತದೆ. ಹಳೆಯದು, ಹೊಸದು, ಒಡೆದದ್ದು ಎಂದೆಲ್ಲ ತುಂಬಿ ಅಭ್ಯಾಸವಿದ್ದ ಅವನು ಅಲ್ಲಿ ಪೆನ್ನು ನಿಲ್ಲಿಸಿ ಕುಳಿತ. ಇನ್‌ಸ್ಪೆಕ್ಟರ್ ಹಾಳೆ ತೆಗೆದುಕೊಂಡು ತಾನೇ ಬರೆದಳು: ಜೀವಂತ.

ಬಂಧನದ ಸುದ್ದಿಯನ್ನು ಮನೆಯವರಿಗೆ ತಿಳಿಸುವುದು ನಿಯಮ. ಆತನ ಹೆಂಡತಿ ಹೊಲಿಗೆ ಕಾರ್ಖಾನೆಯಲ್ಲಿದ್ದಳು. ಇನ್‌ಸ್ಪೆಕ್ಟರ್ ತಾನೇ ಫೋನ್ ಮಾಡಿ, ಆತ ಏನು ತಂದಿದ್ದ, ಹೇಗೆ ಎಣಿಸಿ ಕೊಟ್ಟ ಎಂದು ಹೇಳಿದಳು. ಆ ಕಡೆ ಯಂತ್ರಗಳ ಗದ್ದಲ. ಠಾಣೆ ಎಲ್ಲಿ, ಜಾಮೀನು ಹೇಗೆ ಎಂದು ಆಕೆ ಕೇಳಲಿಲ್ಲ.

“ಇವತ್ತು ಬಡಿತ ಎಷ್ಟಿತ್ತು, ಮೇಡಂ?”

“ಐವತ್ತೆಂಟು, ಅಮ್ಮಾ.”

ಆಕೆಯ ಯಂತ್ರದ ಸದ್ದು ನಿಂತಿತು. “ಮಲಗಿದಾಗ ಅವಳದ್ದು ಅಷ್ಟೇ ಇರ್ತಿತ್ತು” ಎಂದಳು ತಾಯಿ.