ಅಮ್ಮನನ್ನು ಕೇಳಲು ಬಂದ ಮೂರು ಭಾನುವಾರ

“ನಿಮ್ಮ ಅಪ್ಪ ಅಮ್ಮಂಗೆ ಮದುವೆ ಆಗಿದ್ಯಾ?”

ಎಫ್ರಾಯಿನ್ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು. ಹುಡುಗಿಯನ್ನು ಮೊದಲ ಸಲ ನೋಡಿದವನು ಹೆಸರು ಕೇಳಬೇಕು, ಊರು ಕೇಳಬೇಕು, ಕಾಫಿ ಬೇಕಾ ಅಂದರೂ ಸರಿ. ಇವನು ನೇರವಾಗಿ ನನ್ನ ಹುಟ್ಟಿಗೇ ಕೈ ಹಾಕಿದ್ದ.

ಅಂದು ನನಗೆ ಇಪ್ಪತ್ತೊಂದು ತುಂಬಿತ್ತು. ಲಾಸ್ ಏಂಜಲೀಸಿನಲ್ಲಿ ನನ್ನ ಜೊತೆ ಓದಿದವರೆಲ್ಲ ಇಪ್ಪತ್ತೊಂದಕ್ಕೆ ಬಾರಿಗೆ ಹೋದರು. ನಾನು ಚರ್ಚಿನ ಹಿಂದಿರುವ ವಲಸಿಗರ ಸಹಾಯ ಕೇಂದ್ರಕ್ಕೆ ಹೋಗಿ, ಬಾಗಿಲು ತೆಗೆಯುವ ಮುಂಚೆಯೇ ಸಾಲಿನಲ್ಲಿ ನಿಂತಿದ್ದೆ. ಅಲ್ಲಿ ಅರ್ಜಿ ತುಂಬಿಕೊಡುವವನು ಎಫ್ರಾಯಿನ್. ಈ ದೇಶದಲ್ಲಿ ಹುಟ್ಟಿದ ಮಗಳಿಗೆ ಇಪ್ಪತ್ತೊಂದಾದರೆ ಅಪ್ಪ ಅಮ್ಮನಿಗೆ ಗ್ರೀನ್ ಕಾರ್ಡ್ ಕೊಡಿ ಎಂದು ಅವಳೇ ಅರ್ಜಿ ಹಾಕಬಹುದು. ಎಂಟನೇ ವಯಸ್ಸಿನಲ್ಲಿ ಇದು ಗೊತ್ತಾದಾಗಿನಿಂದ ನಾನು ಪ್ರತಿ ಹುಟ್ಟುಹಬ್ಬಕ್ಕೂ ಇನ್ನೆಷ್ಟು ವರ್ಷ ಎಂದು ಲೆಕ್ಕ ಹಾಕುತ್ತಾ ಬಂದವಳು.

ಅಪ್ಪ ಅಮ್ಮ ಮೆಕ್ಸಿಕೋದ ಒಆಹಾಕಾ ಕಡೆಯವರು. ಊರಿನ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದಲು ಅಪ್ಪ, ಕುಣಿಯಲು ಅಮ್ಮ, ಆರು ತಿಂಗಳ ವೀಸಾದಲ್ಲಿ ಇಲ್ಲಿನ ಒಂದು ಹಬ್ಬಕ್ಕೆ ಬಂದರು. ವೀಸಾ ಮುಗಿದರೂ ವಾಪಸ್ ಹೋಗದೆ ಇಪ್ಪತ್ತೆರಡು ವರ್ಷವಾಯಿತು. ಅಪ್ಪ ಈಗಲೂ ಪೊಲೀಸ್ ಕಾರು ಕಂಡರೆ ಪಕ್ಕದ ಬೀದಿಗೆ ತಿರುಗುತ್ತಾನೆ. ಹತ್ತು ನಿಮಿಷದ ದಾರಿಗೆ ಮುಕ್ಕಾಲು ಗಂಟೆ ಹಿಡಿದದ್ದೂ ಉಂಟು. ಅವನು ಒಮ್ಮೆಯಾದರೂ ನೆಟ್ಟಗೆ ಮುಖ್ಯ ರಸ್ತೆಯಲ್ಲಿ ಗಾಡಿ ಓಡಿಸುವುದನ್ನು ನಾನು ನೋಡಬೇಕಿತ್ತು. ನನ್ನ ಆಸೆ ಅಷ್ಟೇ.

“ಮದುವೆ ಆಗದೆ ನಾನು ಮರದಿಂದ ಉದುರಿದ್ನಾ?” ಎಂದೆ.

ಅವನು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. ಕನ್ನಡಕವಿಲ್ಲದ ಕಣ್ಣು ಚೆನ್ನಾಗಿತ್ತು. ಅದು ಆ ಹೊತ್ತಿನಲ್ಲಿ ನನಗೆ ಬೇಡದ ವಿಷಯ.

“ಕೋಪ ಮಾಡ್ಕೋಬೇಡಿ ಯಾದಿರಾ. ನೀವು ತಂದಿರೋದು ಪಾದ್ರಿ ಕೊಟ್ಟ ಕಾಗದ. ಮೆಕ್ಸಿಕೋದಲ್ಲಿ ಸರ್ಕಾರಿ ರಿಜಿಸ್ಟ್ರಾರ್ ಮುಂದೆ ಸಹಿ ಹಾಕಿದ್ರೇನೇ ಮದುವೆ. ಹಾಕಿದ್ದಾರಾ?”

ನನಗೆ ಗೊತ್ತಿರಲಿಲ್ಲ.

“ನಮ್ಮ ಕಡೆ ಅರ್ಧ ಊರು ಹೀಗೇನೇ. ನಮ್ಮಜ್ಜಿಗೆ ಒಂಬತ್ತು ಮಕ್ಕಳು. ಸರ್ಕಾರದ ಪ್ರಕಾರ ಇವತ್ತಿಗೂ ಕನ್ಯೆ.”

ನಗಬಾರದೆಂದು ತುಟಿ ಕಚ್ಚಿಕೊಂಡೆ. ಅವನು ಅದನ್ನು ನೋಡಿ ತಲೆ ತಗ್ಗಿಸಿ ಅರ್ಜಿಯ ಹಾಳೆಗಳನ್ನು ಸುಮ್ಮನೆ ಜೋಡಿಸಿದ. ಅವನ್ನು ಮೊದಲೇ ಜೋಡಿಸಿಟ್ಟಿದ್ದ.

ಅಮ್ಮನ ಅರ್ಜಿಗೆ ತೊಂದರೆಯಿರಲಿಲ್ಲ. ಅಪ್ಪನಿಗೆ ಎರಡು ದಾರಿ. ಒಂದು, ‘ಅವಿವಾಹಿತ’ ಎಂದು ಬರೆದು, ನನ್ನನ್ನು ಸಾಕಿದವನು ಅವನೇ ಎಂಬುದಕ್ಕೆ ಪುರಾವೆ ಇಡುವುದು. ಇನ್ನೊಂದು, ಪುರಾವೆಯ ಜೊತೆಗೆ ಇಲ್ಲೇ ಕೌಂಟಿಯ ಸರ್ಕಾರಿ ಕಚೇರಿಯಲ್ಲಿ ಮದುವೆಯಾಗಿ ‘ವಿವಾಹಿತ’ ಎಂದು ಬರೆಯುವುದು. ಯಾವುದಾದರೂ ಆದೀತು, ಬರೆದದ್ದು ನಿಜವಿರಬೇಕು ಅಷ್ಟೇ ಎಂದ ಎಫ್ರಾಯಿನ್.

ಅಪ್ಪ ಯಾವುದಕ್ಕೂ ಒಪ್ಪಲಿಲ್ಲ.

“ಅವಿವಾಹಿತ ಅಂತ ನಾನು ಸಹಿ ಹಾಕ್ಬೇಕಾ? ಇಪ್ಪತ್ಮೂರು ವರ್ಷದಿಂದ ಈ ಹೆಂಗಸಿನ ಕೈಲಿ ಬೈಸ್ಕೊಳ್ತಿರೋದು ಯಾವ ಸಂಬಂಧಕ್ಕೆ? ದೇವರ ಮುಂದೆ ಆದ ಮದುವೇನ ಗುಮಾಸ್ತನ ಮುಂದೆ ಇನ್ನೊಂದ್ಸಲ ಆಗ್ಬೇಕಾ?”

ಅಮ್ಮ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಯಂತ್ರ ನಿಂತಿತು.

“ಅಂದ್ರೆ ಫೌಸ್ತಿನೊ,” ಎಂದಳು ನಿಧಾನಕ್ಕೆ, “ನಾನಿನ್ನೂ ಮದುವೆ ಆಗದ ಹೆಣ್ಣು.”

“ಓತಿಲಿಯಾ, ಹುಚ್ಚುಚ್ಚಾಗಿ ಮಾತಾಡ್ಬೇಡ.”

“ಮದುವೆ ಆಗದ ಹೆಣ್ಣನ್ನ ಹೇಗೆ ಕೇಳ್ತಾರೆ ಅಂತ ನಿನಗೆ ಗೊತ್ತು. ಬಂದು ಕೇಳು. ಅಲ್ಲೀವರೆಗೆ ನಾನು ಯಾವ ಕಚೇರಿ ಮೆಟ್ಟಿಲೂ ಹತ್ತಲ್ಲ.”

ಅವಳ ದನಿಯಲ್ಲಿ ತಮಾಷೆ ಇತ್ತು, ಆದರೆ ಕಣ್ಣಿನಲ್ಲಿ ಇರಲಿಲ್ಲ. ಅಪ್ಪ ಅವಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಓಡಿಸಿಕೊಂಡು ಬಂದವನು. ನಮ್ಮ ಕಡೆ ಅದು ದೊಡ್ಡ ಅಪರಾಧವಲ್ಲ. ಆದರೆ ಆಮೇಲಾದರೂ ಗಂಡಿನ ಕಡೆಯವರು ಹೆಣ್ಣಿನ ಬಾಗಿಲಿಗೆ ಬರಬೇಕು. ಬ್ರೆಡ್ಡಿನ ಬುಟ್ಟಿ, ಚಾಕೊಲೇಟು, ಹೂವು ಕಟ್ಟಿದ ಮೇಣದಬತ್ತಿ ತರಬೇಕು. ಗಂಡಿನ ಪರವಾಗಿ ಮಾತಾಡಲು ಒಬ್ಬ ಮಾತುಗಾರ ಬರಬೇಕು. ಹೆಣ್ಣಿನ ಕಡೆಯವರು ಎರಡು ಸಲ ಆಗಲ್ಲ ಎಂದು ಬುಟ್ಟಿ ತೆರೆಯದೆ ವಾಪಸ್ ಕೊಡಬೇಕು. ಮೂರನೇ ಸಲಕ್ಕೆ ಬುಟ್ಟಿ ಒಳಗೆ ಹೋದರೆ ಒಪ್ಪಿದಂತೆ.

“ನನ್ನ ಮೂರೂ ತಂಗೀರಿಗೆ ಬುಟ್ಟಿ ಬಂತು,” ಎಂದಳು ಅಮ್ಮ. “ನಮ್ಮಪ್ಪ ಸಾಯೋವರೆಗೂ ಒಂದೇ ಮಾತು ಹೇಳ್ತಿದ್ದ, ದೊಡ್ಡವಳನ್ನ ಯಾರೂ ಕೇಳ್ಲಿಲ್ಲ ಅಂತ.”

ಅಪ್ಪ ಎದ್ದು ಕೊರಿಯನ್ ಹೋಟೆಲಿನ ಅಡುಗೆಮನೆಗೆ ಕೆಲಸಕ್ಕೆ ಹೋದ. ಹದಿನೈದು ದಿನ ಆ ಮಾತು ಯಾರೂ ಎತ್ತಲಿಲ್ಲ. ಅಮ್ಮ ಸೋಲುವವಳಲ್ಲ, ಅಪ್ಪ ಬಗ್ಗುವವನಲ್ಲ. ನನ್ನ ಅರ್ಜಿ ಮಾತ್ರ ಎಫ್ರಾಯಿನ್‌ನ ಮೇಜಿನ ಮೇಲೆ ಬಿದ್ದಿತ್ತು.

ಆ ಹದಿನೈದು ದಿನ ನಾನು ಪುರಾವೆ ತಲುಪಿಸುವ ನೆಪದಲ್ಲಿ ನಾಲ್ಕು ಸಲ ಕೇಂದ್ರಕ್ಕೆ ಹೋದೆ. ಹಲ್ಲಿನ ಡಾಕ್ಟರ ಬಳಿ ನನ್ನ ಕೆಲಸ, ಮಧ್ಯಾಹ್ನ ಒಂದು ಗಂಟೆ ಬಿಡುವು. ಆ ಒಂದು ಗಂಟೆಯಲ್ಲಿ ತಲೆ ಬಾಚುವುದಕ್ಕೇ ಕಾಲು ಗಂಟೆ ಹೋಗುತ್ತಿತ್ತು.

ನಾಲ್ಕನೇ ಸಲ ನನ್ನ ಶಾಲೆಯ ಪ್ರಗತಿ ಪತ್ರಗಳನ್ನೆಲ್ಲ ಒಯ್ದೆ. ಎಫ್ರಾಯಿನ್ ಒಂದೊಂದಾಗಿ ತಿರುವಿದ. ಪ್ರತಿಯೊಂದರಲ್ಲೂ ಅಪ್ಪನ ವಕ್ರ ಸಹಿ, ಅದರ ಪಕ್ಕ ಕೆಂಪು ಹೆಬ್ಬೆಟ್ಟಿನ ಗುರುತು.

“ಇದೇನು?”

“ಖಾರದ ಪೇಸ್ಟು. ಹೋಟೆಲಿಂದ ನೇರ ಬಂದು ಸಹಿ ಹಾಕ್ತಿದ್ದ. ಕೈ ತೊಳ್ಕೊಳ್ಳಷ್ಟೂ ತಾಳ್ಮೆ ಇರ್ತಿರ್ಲಿಲ್ಲ. ಗಣಿತದಲ್ಲಿ ಎಷ್ಟು ಬಂತು, ತೋರ್ಸು ತೋರ್ಸು ಅಂತ.”

ಅವನು ಹನ್ನೆರಡು ವರ್ಷದ ಹನ್ನೆರಡು ಕೆಂಪು ಗುರುತುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟ. ಆಮೇಲೆ ಒಂದು ಹಾಳೆಯ ಅಂಚನ್ನು ಬೆರಳಿನಿಂದ ಮೆಲ್ಲಗೆ ಸರಿಪಡಿಸಿದ. ಅವನ ಬೆರಳು ನನ್ನ ಬೆರಳಿಗೆ ತಾಕಿತು, ತಕ್ಷಣ ಹಿಂದಕ್ಕೆ ಹೋಯಿತು.

“ಇದಕ್ಕಿಂತ ಪುರಾವೆ ಬೇಕಾ?” ಎಂದ. ನಾನು ಅವನನ್ನು ಪ್ರೀತಿಸಲು ಶುರು ಮಾಡಿದ್ದು ಆಗಲೇ, ಅದರಲ್ಲಿ ನನಗೆ ಅನುಮಾನವಿಲ್ಲ.

“ಎದುರಿಗೆ ಕಾಫಿ ಅಂಗಡಿ ಇದೆ, ಬರ್ತೀರಾ?” ಎಂದು ಕೇಳಿಯೂಬಿಟ್ಟೆ.

ಅವನ ಮುಖ ಅರಳಿತು, ಮರುಕ್ಷಣ ಮುಚ್ಚಿತು. “ಆಗಲ್ಲ. ನಿಮ್ಮ ಫೈಲು ಈ ಮೇಜಿನ ಮೇಲೆ ಇರೋವರೆಗೂ ಆಗಲ್ಲ.”

“ಫೈಲಿಗೆ ಕಾಫಿ ಕುಡಿಸ್ತೀನಿ ಅಂದ್ನಾ?” ಎಂದು ಹೇಳಿ ಬಂದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ.

ಮುಂದಿನ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬಾಗಿಲು ಬಡಿದ ಸದ್ದು. ತೆರೆದರೆ ಅಪ್ಪ. ತನ್ನ ಮನೆಯ ಬಾಗಿಲನ್ನು ತಾನೇ ಬಡಿದು, ಇಸ್ತ್ರಿ ಮಾಡಿದ ಅಂಗಿಯಲ್ಲಿ ಬೆವರುತ್ತಾ ನಿಂತಿದ್ದ. ಅವನ ಪಕ್ಕದಲ್ಲಿ ಎರಡೂ ಕೈಯಲ್ಲಿ ಬ್ರೆಡ್ಡಿನ ದೊಡ್ಡ ಬುಟ್ಟಿ ಹಿಡಿದು ಎಫ್ರಾಯಿನ್.

“ಇವನ್ಯಾಕೆ?” ಎಂದೆ.

“ಮಾತುಗಾರ,” ಎಂದ ಅಪ್ಪ. “ದಿನಾ ಸರ್ಕಾರದ ಜೊತೆ ಮಾತಾಡೋನು. ನಿಮ್ಮಮ್ಮನ ಜೊತೆ ಮಾತಾಡಕ್ಕೆ ಇವನಿಗಿಂತ ಕಮ್ಮಿಯವನು ಸಾಕಾಗಲ್ಲ.”

ಅಮ್ಮ ಪರದೆಯ ಹಿಂದೆ ಸೇರಿದ್ದಳು. ಅವಳ ತಂದೆ ಇಲ್ಲ, ಅಣ್ಣಂದಿರು ಇಲ್ಲಿಲ್ಲ. “ಹೆಣ್ಣಿನ ಕಡೆಗೆ ನೀನೇ ಹಿರಿಯಳು,” ಎಂದು ಒಳಗಿಂದ ಪಿಸುಗುಟ್ಟಿದಳು. “ಸರ್ಕಾರಕ್ಕೂ ನೀನೇ ತಾನೆ ಜವಾಬ್ದಾರಿ? ನೆಟ್ಟಗೆ ಕೂತ್ಕೋ.”

ನಾನು ನೆಟ್ಟಗೆ ಕೂತೆ. ಎಫ್ರಾಯಿನ್ ಬುಟ್ಟಿಯನ್ನು ನನ್ನ ಮುಂದಿಟ್ಟು, ಕೆಮ್ಮಿ, ಅಜ್ಜಿಯಿಂದ ಕಲಿತು ಬಂದ ಮಾತನ್ನು ಶುರು ಮಾಡಿದ.

“ಹಿರಿಯರೇ, ಈ ಮನೇಲಿ ಒಂದು ಹೂವಿದೆ ಅಂತ ಕೇಳಿ ಬಂದಿದೀವಿ. ದೂರದಿಂದ ಬಂದಿದೀವಿ.”

“ಎಷ್ಟು ದೂರದಿಂದ?”

“ಅಡುಗೆಮನೆಯಿಂದ,” ಎಂದ ಅಪ್ಪ. ಪರದೆ ನಕ್ಕು ಅಲುಗಾಡಿತು.

“ಆ ಹೂವನ್ನ ಜೋಪಾನವಾಗಿ ನೋಡ್ಕೊಳ್ಳೋ ಮನಸ್ಸು ನಮ್ಮಲ್ಲಿದೆ,” ಎಂದು ಎಫ್ರಾಯಿನ್ ಮುಂದುವರಿಸಿದ. ಅವನು ನೋಡಬೇಕಾದದ್ದು ಪರದೆಯ ಕಡೆ. ನೋಡುತ್ತಿದ್ದದ್ದು ನನ್ನನ್ನು. “ಕಾಯೋಕೆ ಹೇಳಿದ್ರೆ ಕಾಯ್ತೀವಿ.”

ನನ್ನ ಕಿವಿ ಬಿಸಿಯಾಯಿತು. ಅರ್ಜಿ ಬೇಗ ಹೋಗಲಿ ಎಂದು ಹದಿಮೂರು ವರ್ಷ ಕಾದವಳು ನಾನು. ಶಾಸ್ತ್ರಕ್ಕೆ ಕಟ್ಟುಬಿದ್ದು ನನ್ನ ಬಾಯಿಂದಲೇ ಹೇಳಬೇಕಾಯಿತು: “ನಮ್ಮ ಹುಡುಗಿ ಇನ್ನೂ ಚಿಕ್ಕವಳು. ಆಗಲ್ಲ.”

ಬುಟ್ಟಿ ಮೆಟ್ಟಿಲಿಳಿದು ಹೋಯಿತು. ಎಳ್ಳು ಹಚ್ಚಿದ ಮೊಟ್ಟೆ ಬ್ರೆಡ್ಡಿನ ವಾಸನೆ ಮಾತ್ರ ಮನೆಯಲ್ಲಿ ಉಳಿಯಿತು. ಅಮ್ಮ ಪರದೆ ಸರಿಸಿ, “ಇನ್ನೂ ಸ್ವಲ್ಪ ಗತ್ತಾಗಿ ಹೇಳ್ಬೇಕಿತ್ತು,” ಎಂದಳು.

ಎರಡನೇ ಭಾನುವಾರ ಬುಟ್ಟಿಯ ಜೊತೆ ಚಾಕೊಲೇಟೂ ಬಂತು. ಈ ಸಲ ಗತ್ತಾಗಿಯೇ ಹೇಳಿದೆ. ಎಫ್ರಾಯಿನ್ ಬುಟ್ಟಿ ಎತ್ತಿಕೊಳ್ಳುವಾಗ ಬಗ್ಗಿ, ನನಗೊಬ್ಬಳಿಗೇ ಕೇಳುವಂತೆ, “ನಿಮಗೆ ಆಗಲ್ಲ ಅನ್ನೋಕೆ ತುಂಬ ಚೆನ್ನಾಗಿ ಬರುತ್ತೆ,” ಎಂದ.

“ನಿಮ್ಮಿಂದ ಕಲ್ತಿದ್ದು,” ಎಂದೆ.

ಅವನು ನಕ್ಕ. ಹೊಸ್ತಿಲು ಎಡವಿದ.

ಮೂರನೇ ಭಾನುವಾರ ಹೂವು ಕಟ್ಟಿದ ಮೇಣದಬತ್ತಿಯೂ ಬಂತು. ಎಫ್ರಾಯಿನ್ ಇನ್ನೇನು ಬಾಯಿ ತೆರೆಯಬೇಕು, ಅಪ್ಪ ಅವನ ಭುಜದ ಮೇಲೆ ಕೈಯಿಟ್ಟ.

“ಇರಪ್ಪ. ಇವತ್ತು ನಾನೇ ಹೇಳ್ತೀನಿ.”

ಅವನು ಪರದೆಯ ಕಡೆ ತಿರುಗಿದ. ಟೋಪಿ ಕೈಯಲ್ಲಿ ಮುದುಡಿತ್ತು.

“ಓತಿಲಿಯಾ, ಅವತ್ತು ಕೇಳೋಕೆ ಬರ್ಲಿಲ್ಲ ಅಂದ್ರೆ ಸೊಕ್ಕಿಂದಲ್ಲ. ನಿಮ್ಮಪ್ಪ ಬೇಡ ಅಂದ್ಬಿಟ್ರೆ ಅಂತ ಹೆದರಿಕೆ. ಇಲ್ಲಿಗೆ ಬಂದ್ಮೇಲೂ ಹೆದರ್ಕೊಂಡೇ ಬದುಕ್ದೆ, ಸಂದಿಗೊಂದಿಲಿ ಗಾಡಿ ಓಡಿಸ್ಕೊಂಡು. ಇನ್ಮೇಲೆ ಆಗಲ್ಲ. ಎಲ್ಲಾನೂ ಬಾಗಿಲಲ್ಲಿ ನಿಂತು ಕೇಳಿ ತಗೋತೀನಿ. ಮೊದಲು ನಿನ್ನ.” ಆಮೇಲೆ ನನ್ನ ಕಡೆ ನೋಡಿದ. “ಮಗಳೇ, ನಿಮ್ಮಮ್ಮನ್ನ ನನಗೆ ಕೊಡ್ತೀಯಾ?”

ನಾನು ಬುಟ್ಟಿಯನ್ನು ಎರಡೂ ಕೈಯಿಂದ ಎತ್ತಿ ಒಳಗೆ ಕೊಟ್ಟೆ. ಅಮ್ಮ ಅದನ್ನು ತೆಗೆದುಕೊಂಡಳು.

“ಕೊಟ್ಟಿದೀನಿ,” ಎಂದೆ. ಅಳುವೇ ಬಂತು, ಅಳುತ್ತಲೇ ಹೇಳಿದೆ. “ಹುಷಾರಾಗಿ ನೋಡ್ಕೋ.”

ಮಂಗಳವಾರ ಕೌಂಟಿ ಕಚೇರಿಯಲ್ಲಿ ಮದುವೆಯಾಯಿತು. ಅಮ್ಮ ಊರಿನ ಕೆಂಪು ಉಣ್ಣೆಯ ಲಂಗ ಉಟ್ಟಿದ್ದಳು. ಮದುವೆಯ ಪ್ರಮಾಣಪತ್ರ ಕೈಗೆ ಬಂದ ದಿನ ಅಪ್ಪ ಅರ್ಜಿಯಲ್ಲಿ ‘ವಿವಾಹಿತ’ ಎಂದು ದೊಡ್ಡದಾಗಿ ಬರೆದ. ಎಲ್ಲದರ ಕೊನೆಗೆ ಅರ್ಜಿದಾರಳ ಜಾಗದಲ್ಲಿ ನಾನು ಸಹಿ ಹಾಕಿದೆ. ಹನ್ನೆರಡು ಕೆಂಪು ಹೆಬ್ಬೆಟ್ಟುಗಳೂ ಲಕೋಟೆ ಸೇರಿದವು.

ಅಂಚೆ ಕಚೇರಿಗೆ ಎಫ್ರಾಯಿನ್ ಮತ್ತು ನಾನು ಒಟ್ಟಿಗೆ ಹೋದೆವು. ಕಿಟಕಿಯಾಚೆಯ ಹೆಂಗಸು ಮುದ್ರೆ ಒತ್ತಿ ರಸೀದಿ ಕೊಟ್ಟಳು. ಎಫ್ರಾಯಿನ್ ಅದನ್ನು ಎರಡು ಸಲ ಓದಿದ.

“ಕಾರ್ಡು ಬರೋಕೆ ತಿಂಗಳುಗಟ್ಲೆ ಹಿಡಿಯುತ್ತೆ. ಆದ್ರೆ ಬರುತ್ತೆ. ನನಗೆ ನಂಬಿಕೆ ಇದೆ.”

“ನನಗೂ ಇದೆ.”

“ಇನ್ನೊಂದು ವಿಷಯ. ಸಂದರ್ಶನಕ್ಕೆ ತಯಾರಿ, ಉಳಿದ ಕೆಲಸ ಎಲ್ಲ ನಮ್ಮ ವಕೀಲರಮ್ಮನೇ ನೋಡ್ಕೋತಾರೆ. ನಾನೇ ಕೇಳ್ಕೊಂಡು ಬಿಟ್ಕೊಟ್ಟೆ.” ಅವನು ಕನ್ನಡಕ ತೆಗೆದ. ಒರೆಸಲಿಲ್ಲ. “ಈಗ ನಿಮ್ಮ ಫೈಲು ನನ್ನ ಮೇಜಿನ ಮೇಲಿಲ್ಲ ಯಾದಿರಾ.”

ಕೇಂದ್ರದ ಎದುರಿನ ಆ ಅಂಗಡಿಯಲ್ಲಿ ಇಬ್ಬರೂ ಕಾಫಿ ಕುಡಿದೆವು, ತಲಾ ಮೂರು ಕಪ್. ಎರಡನೇ ಕಪ್ಪಿನ ಹೊತ್ತಿಗೆ ‘ನೀವು’ ಹೋಗಿ ‘ನೀನು’ ಬಂದಿತ್ತು.

ಮುಂದಿನ ಭಾನುವಾರ ಹತ್ತಕ್ಕೆ ಬಾಗಿಲು ಬಡಿಯಿತು. ಎಫ್ರಾಯಿನ್ ಒಬ್ಬನೇ ಬುಟ್ಟಿ ಹಿಡಿದು ನಿಂತಿದ್ದ.

“ಮಾತುಗಾರ ಎಲ್ಲಿ?” ಎಂದೆ.

“ಫೌಸ್ತಿನೊ ಅವರನ್ನ ಕೇಳ್ದೆ. ಅವರು ಹುಡುಗಿ ಕಡೆಯವರಂತೆ, ಬರಲ್ಲ ಅಂದ್ರು.”

“ಬರಲ್ಲ!” ಎಂದ ಅಪ್ಪ ಒಳಗಿಂದ, ಬಹಳ ಖುಷಿಯಿಂದ. “ಮೂರು ಸಲ ಮೆಟ್ಟಿಲು ಹತ್ತಲಿ, ನಾನೂ ಹತ್ತಿದೀನಿ.”

“ಹಾಗಾದ್ರೆ ನಾನೇ ಹೇಳ್ತೀನಿ,” ಎಂದು ಎಫ್ರಾಯಿನ್ ಬುಟ್ಟಿಯನ್ನು ನನ್ನ ಮುಂದಿಟ್ಟ. ಅಜ್ಜಿಯಿಂದ ಕಲಿತ ಹೂವಿನ ಮಾತೆಲ್ಲ ಅವನಿಗೆ ಮರೆತುಹೋಗಿತ್ತು. “ನೀನಂದ್ರೆ ನನಗಿಷ್ಟ. ಮೊದಲನೇ ದಿನ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ಯಲ್ಲ, ಅವತ್ತಿಂದ. ಎಷ್ಟು ಸಲ ವಾಪಸ್ ಕಳಿಸಿದ್ರೂ ಬರ್ತೀನಿ.”

ಅಪ್ಪ ಅಮ್ಮ ಇಬ್ಬರೂ ಈಗ ಪರದೆಯ ಹಿಂದಿದ್ದರು. ನಾಲ್ಕು ಕಾಲು ಕಾಣುತ್ತಿದ್ದವು. ಮೊದಲ ಸಲಕ್ಕೆ ಒಪ್ಪಿದರೆ ಊರಿನವರು ಏನೆಂದಾರು? ನಾನು ಬೆನ್ನು ನೆಟ್ಟಗೆ ಮಾಡಿ, ಗಲ್ಲ ಎತ್ತಿ, ಅಮ್ಮ ಹೇಳಿಕೊಟ್ಟಷ್ಟೇ ಗತ್ತಿನಿಂದ ಹೇಳಿದೆ.

“ಆಗಲ್ಲ.”

ಅವನು ಬುಟ್ಟಿ ತೆಗೆದುಕೊಳ್ಳಲು ಕೈ ಚಾಚಿದ. ನಾನು ಅದನ್ನು ಎದೆಗೊತ್ತಿ ಹಿಡಿದುಕೊಂಡು, ಒಂದು ಬ್ರೆಡ್ ಮುರಿದು, ಅರ್ಧ ಅವನ ಕೈಗಿಟ್ಟೆ.