ಸ್ಕ್ಯಾನಿಂಗ್ ಕೇಂದ್ರದ ವೈರಸ್

ಸೋಮವಾರ ಬೆಳಿಗ್ಗೆ ಸ್ಕ್ಯಾನಿಂಗ್ ಕೇಂದ್ರದ ಡಾಕ್ಟರಮ್ಮ ಠಾಣೆಗೆ ಬಂದು ದೂರು ಕೊಟ್ಟರು. ಕಂಪ್ಯೂಟರಿನಲ್ಲಿದ್ದ ರೋಗಿಗಳ ಸ್ಕ್ಯಾನ್ ಚಿತ್ರಗಳೆಲ್ಲ ಮಾಯವಾಗಿದ್ದವು. ಪರದೆಯ ಮೇಲೆ 'ವೈರಸ್ ದಾಳಿ' ಎಂಬ ಕೆಂಪಕ್ಷರ ಮಾತ್ರ ಉಳಿದಿತ್ತು.

"ನಮ್ಮ ಕಂಪ್ಯೂಟರ್ ನಡೆಯೋದು ವಿಂಡೋಸ್‌ನಲ್ಲಲ್ಲ, ಲಿನಕ್ಸ್‌ನಲ್ಲಿ. ಅದಕ್ಕೆ ವೈರಸ್ ಬರಲ್ಲ ಅಂತ ನಿಶ್ಚಿಂತೆಯಾಗಿದ್ದೆ. ನಾಳೆ ಒಬ್ಬ ಹೆಂಗಸಿಗೆ ಮೆದುಳಿನ ಗಡ್ಡೆ ಆಪರೇಷನ್. ಹಳೇ ಚಿತ್ರ ನೋಡದೆ ಕೈ ಹಾಕಲ್ಲ ಅಂತಿದ್ದಾರೆ ಸರ್ಜನ್."

ಎಫ್‌ಐಆರ್ ದಾಖಲಾಯಿತು. ಇನ್‌ಸ್ಪೆಕ್ಟರ್, ಮಹಿಳಾ ಪೇದೆ ಹಾಗೂ ಇಲಾಖೆಯ ಸೈಬರ್ ತಜ್ಞ ಕೇಂದ್ರಕ್ಕೆ ಹೋದರು.

"ಇದಕ್ಕೆ ನಿಜವಾಗ್ಲೂ ವೈರಸ್ ಬರಲ್ವಾ?" ಪೇದೆ ತಜ್ಞನನ್ನು ಕೇಳಿದರು.

"ಬರೋದು ಕಮ್ಮಿ. ಹೆಚ್ಚು ಜನ ಬಳಸೋದರ ಮೇಲೇ ಕಳ್ಳರ ಕಣ್ಣು. ಹಾಗಂತ, ಮನೆ ಸಂದಿಯಲ್ಲಿದೆ ಅಂತ ಯಾರಾದ್ರೂ ಬಾಗಿಲು ತೆಗೆದಿಟ್ಟು ಮಲಗ್ತಾರಾ?"

ಮಧ್ಯಾಹ್ನದ ಹೊತ್ತಿಗೆ ವಿಷಯ ಸ್ಪಷ್ಟವಾಯಿತು. ವೈರಸ್ಸಿನ ಸುಳಿವೇ ಇರಲಿಲ್ಲ. ಕೆಂಪಕ್ಷರ ಯಾರೋ ಪರದೆಗೆ ಹಾಕಿದ್ದ ಒಂದು ಚಿತ್ರ, ಅಷ್ಟೇ. ಶನಿವಾರ ಸಂಜೆ ಡಾಕ್ಟರಮ್ಮನ ಪಾಸ್‌ವರ್ಡ್ ಬಳಸಿ ಎಲ್ಲವನ್ನೂ ಅಳಿಸಲಾಗಿತ್ತು. ಅಳಿಸುವ ಮೊದಲು ಹೊರಗಿನಿಂದ ಜೋಡಿಸಿದ ಒಂದು ಹಾರ್ಡ್ ಡಿಸ್ಕಿಗೆ ನಕಲು ಮಾಡಲಾಗಿತ್ತು.

"ದುಡ್ಡು ಕೇಳಿ ಯಾರಾದ್ರೂ ಫೋನ್ ಮಾಡಿದ್ರಾ?" ಇನ್‌ಸ್ಪೆಕ್ಟರ್ ಡಾಕ್ಟರಮ್ಮನನ್ನು ಕೇಳಿದರು.

"ಇಲ್ಲ."

"ಹಾಗಾದ್ರೆ ವಾಪಸ್ ಕೊಡೋಕೆ ಅಂತಲೇ ನಕಲು ಇಟ್ಕೊಂಡಿದ್ದಾರೆ. ಪಾಸ್‌ವರ್ಡ್ ಇನ್ಯಾರಿಗೆ ಗೊತ್ತು?"

"ನನ್ನ ಮೈದುನನಿಗೆ. ಇಲ್ಲಿ ಕಂಪ್ಯೂಟರ್ ನೋಡ್ಕೊಳ್ಳೋನು ಅವನೇ. ಇವತ್ತು ರಜ."

ಕೇಂದ್ರದಲ್ಲಿ ಅವನನ್ನು 'ವೈರಸ್ ಮಾಮ' ಎನ್ನುತ್ತಿದ್ದರು. ವೈರಸ್ ಬಂದೀತು, ಚಿತ್ರಗಳಿಗೆ ಇನ್ನೊಂದು ಪ್ರತಿ ಇಡೋಣ ಎಂದು ಅವನು ಗೋಗರೆದಾಗಲೆಲ್ಲ ನಗೆ ಏಳುತ್ತಿತ್ತು. ಆ ಹೆಸರಿಟ್ಟವರು ಅತ್ತಿಗೆಯೇ.

ಅವನನ್ನು ಮನೆಯಿಂದ ಠಾಣೆಗೆ ಕರೆತಂದರು.

"ಡಿಸ್ಕ್ ಎಲ್ಲಿ?"

"ಯಾವ ಡಿಸ್ಕ್, ಸರ್?"

ಇನ್‌ಸ್ಪೆಕ್ಟರ್ ದನಿ ಏರಿಸಲಿಲ್ಲ. "ನಾಳೆ ಒಬ್ಬ ಹೆಂಗಸಿಗೆ ತಲೆ ಆಪರೇಷನ್ ಆಗಬೇಕಿತ್ತು. ಚಿತ್ರ ಇಲ್ಲ ಅಂತ ನಿಲ್ಲಿಸಿದ್ದಾರೆ. ಅವಳ ಗಂಡ ಬೆಳಿಗ್ಗೆಯಿಂದ ನಿಮ್ಮ ಕೇಂದ್ರದ ಬಾಗಿಲಲ್ಲಿ ಕೂತಿದ್ದಾನೆ. ಏನು ಹೇಳ್ಲಿ ಅವನಿಗೆ?"

ಮೈದುನನ ಮುಖ ಬಿಳಿಚಿಕೊಂಡಿತು. ಆ ವಿಷಯ ಅವನಿಗೆ ಗೊತ್ತಿರಲಿಲ್ಲ.

"ಸ್ಕೂಟರ್ ಡಿಕ್ಕಿಯಲ್ಲಿದೆ, ಸರ್."

ಇಬ್ಬರು ಪಂಚರ ಎದುರು ಪಂಚನಾಮೆ ಮಾಡಿ ಡಿಸ್ಕ್ ವಶಪಡಿಸಿಕೊಂಡರು. ತಜ್ಞ ಮೊದಲು ಆ ಹೆಂಗಸಿನ ಚಿತ್ರಗಳ ಪ್ರತಿ ತೆಗೆದು ಸರ್ಜನ್‌ಗೆ ಕಳಿಸಿದ. ಆಪರೇಷನ್ ನಾಳೆಯೇ ಎಂದು ಉತ್ತರ ಬಂತು. ಆಮೇಲೆ ಬಂಧನದ ಕಾಗದಕ್ಕೆ ಮೈದುನ ಸಹಿ ಹಾಕಿದ.

"ನಿನ್ನ ಮಾತು ಸುಳ್ಳೇನಲ್ಲವಲ್ಲ. ಪ್ರತಿ ಇಡಲೇಬೇಕಿತ್ತು. ಈ ಕೆಲಸ ಯಾಕೆ ಮಾಡ್ಕೊಂಡೆ?" ಎಂದು ಪೇದೆ ಕೇಳಿದರು.

"ಒಂದು ಸಲ ಹೆದರಲಿ, ಆಮೇಲೆ ನಾನೇ ಎಲ್ಲ ವಾಪಸ್ ತಂದುಕೊಡೋಣ ಅಂತಿದ್ದೆ. ಬೆಳಿಗ್ಗೆಯಿಂದ ಫೋನ್ ಕೈಯಲ್ಲೇ ಹಿಡ್ಕೊಂಡು ಕೂತಿದ್ದೆ, ಮೇಡಂ. ಏನೇ ಆದ್ರೂ ಅತ್ತಿಗೆ ಮೊದಲು ನನ್ನನ್ನ ಕೇಳ್ತಾರೆ ಅಂದ್ಕೊಂಡಿದ್ದೆ."