ಸೇತುವೆಯ ನಡುವೆ ಅನುರಾಧಾ

“ಇನ್ನೊಂದೀಟು ಹಿಂದ ಸರಿ ಅನು. ಆ ಕಂಬಿ ಹತ್ರ ನಿಂದ್ರು,” ಎಂದು ಅಲ್ಮಾಸ ಕ್ಯಾಮೆರಾದಿಂದ ಕಣ್ಣು ತೆಗೆಯದೆ ಕೂಗಿದಳು.

ಅನುರಾಧಾ ಹಿಂದೆ ಸರಿದಳು. ತೂಗುಸೇತುವೆ ಅವಳ ಕಾಲಡಿಯಲ್ಲಿ ಮೆಲ್ಲಗೆ ಜೀಕಿತು. ಹಲಗೆಗಳ ಸಂದಿಯಲ್ಲಿ ಘಟಪ್ರಭೆಯ ಕೆಂಪು ನೀರು ಓಡುತ್ತಿತ್ತು. ಸ್ವಲ್ಪವೇ ಮುಂದೆ ಆ ನೀರು ಬಂಡೆಯಿಂದ ಕೆಳಗೆ ಬೀಳುತ್ತಿತ್ತು. ಆ ಸದ್ದಿನಲ್ಲಿ ಕೂಗಿದರಷ್ಟೇ ಮಾತು ಕೇಳಿಸುತ್ತಿತ್ತು.

ಇಬ್ಬರೂ ಗೋಕಾಕದ ಒಂದೇ ಸಾಲೆಯಲ್ಲಿ ಆರನೇ ತರಗತಿ. ಸೋಮವಾರ ಸಾಲೆಯಲ್ಲಿ ‘ನಮ್ಮ ಊರು’ ಎಂಬ ಪ್ರದರ್ಶನವಿತ್ತು. ಫೋಟೋ ಗೋಡೆಯನ್ನು ಟೀಚರ್ ಅಲ್ಮಾಸಳಿಗೆ ಬಿಟ್ಟುಕೊಟ್ಟಿದ್ದರು. ಊರಿನ ಫೋಟೋ ಯಾರಾದರೂ ತೆಗೆಯುತ್ತಾರೆ, ಊರಿನ ತುಂಬ ಅನು ಕುಣಿಯುವ ಫೋಟೋ ತೆಗೆಯೋಣ ಎಂದು ಅಲ್ಮಾಸ ಯೋಚಿಸಿದ್ದಳು. ಅನು ನಾಲ್ಕು ವರ್ಷದಿಂದ ಭರತನಾಟ್ಯ ಕಲಿಯುತ್ತಿದ್ದಳು.

ಕ್ಯಾಮೆರಾ ಶಹನಾಜಬಿ ಖಾಲಾಳದು. ಖಾಲಾ ಎಂದರೆ ಅಲ್ಮಾಸಳ ತಾಯಿಯ ತಂಗಿ. ಮದುವೆಮನೆಗಳಲ್ಲಿ ಹೆಣ್ಣುಮಕ್ಕಳ ಕಡೆಯ ಫೋಟೋ ತೆಗೆಯುವುದು ಅವಳ ಕೆಲಸ. ತನ್ನ ಹಳೆಯ ಕ್ಯಾಮೆರಾವನ್ನು ಅಲ್ಮಾಸಳ ಕೊರಳಿಗೆ ಹಾಕಿ, ತಾನೂ ಜೊತೆಗೆ ಬಂದಿದ್ದಳು.

ಬೆಳಿಗ್ಗೆ ಎಲ್ಲ ಚೆನ್ನಾಗಿಯೇ ನಡೆದಿತ್ತು. ಸಂತೆಯಲ್ಲಿ ಮೆಣಸಿನಕಾಯಿಯ ರಾಶಿಗಳ ನಡುವೆ ಅನು ಕೈಯಲ್ಲಿ ನವಿಲಿನ ಮುದ್ರೆ ಮಾಡಿ ನಿಂತಳು. ಮಾರುವ ಅಜ್ಜಿ ತನ್ನ ತಕ್ಕಡಿಯನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿಕೊಟ್ಟಳು. ಬಣ್ಣದ ಕಟ್ಟಿಗೆ ಗೊಂಬೆ ಮಾಡುವವರ ಅಂಗಡಿಯ ಮುಂದೆ ಗೊಂಬೆಯ ಹಾಗೆಯೇ ಕಣ್ಣು ಹೊರಳಿಸಿದಳು. ಎಲ್ಲರೂ ನಕ್ಕರು, ಅವಳೂ ನಕ್ಕಳು.

ಆಟೋದಲ್ಲಿ ಫಾಲ್ಸ್ ಕಡೆ ಬರುವಾಗ ಮಾತ್ರ, ಬ್ರಿಜ್ ಬಿಟ್ಟು ದಂಡೆಯ ಮೇಲೆಯೇ ತೆಗೆದರೆ ಆಗುವುದಿಲ್ಲವೇ ಎಂದು ಕೇಳಿದ್ದಳು. ಗೋಡೆಯ ನಡುವೆ ಹಾಕುವ ದೊಡ್ಡ ಫೋಟೋನೇ ಅದು ಎಂದಿದ್ದಳು ಅಲ್ಮಾಸ. ಅನು ಗೆಜ್ಜೆ ಕಟ್ಟಿಕೊಳ್ಳತೊಡಗಿದ್ದಳು.

ಈಗ ಅವಳು ಒಂದು ಕಾಲೆತ್ತಿ, ಕೈ ಚಾಚಿ ನಿಂತಿದ್ದಳು. ಹಿಂದೆ ನೀರಿನ ಹನಿಗಳ ಬಿಳಿ ಮಂಜು. ಅಲ್ಮಾಸ ಕ್ಲಿಕ್ ಮಾಡಿದಳು. ಸಾಲಲಿಲ್ಲ.

“ನಗು ಅನು. ಇನ್ನೊಂದು.”

ಅನು ನಕ್ಕಳು. ಕ್ಲಿಕ್. ಮೋಡ ಸರಿದು ಬಿಸಿಲು ಬಿತ್ತು. ಅಲ್ಮಾಸ ಇನ್ನೊಂದು ಎಂದಳು, ಮತ್ತೊಂದು ಎಂದಳು. ಕಾಲಿನ ಗೆಜ್ಜೆ ಬಿಸಿಲಿಗೆ ಹೊಳೆಯುವುದನ್ನು ಕಂಡು ಝೂಮ್ ಮಾಡಿದಳು.

ಗೆಜ್ಜೆ ಅದುರುತ್ತಿತ್ತು. ಸೇತುವೆ ಜೀಕುತ್ತಿದೆ, ಅದಕ್ಕೇ ಇರಬೇಕು ಎಂದುಕೊಂಡಳು ಅಲ್ಮಾಸ. ಆದರೆ ಕಂಬಿ ಅದುರುತ್ತಿರಲಿಲ್ಲ, ಹಲಗೆಯೂ ಅದುರುತ್ತಿರಲಿಲ್ಲ. ನೆಲಕ್ಕೂರಿದ ಕಾಲಿನ ಬೆರಳುಗಳು ಹಲಗೆಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದವು.

ಅಲ್ಮಾಸ ಕ್ಯಾಮೆರಾವನ್ನು ಕಾಲಿನಿಂದ ಮುಖದ ಕಡೆಗೆ ಎತ್ತಿದಳು. ಅನುವಿನ ತುಟಿ ಇನ್ನೂ ನಗುತ್ತಿತ್ತು. ಕಣ್ಣುಗಳು ಮಾತ್ರ ಮಿಟುಕಿಸದೆ ಎಲ್ಲೋ ನೆಟ್ಟಿದ್ದವು.

ಅಷ್ಟರಲ್ಲಿ ಆಚೆ ದಂಡೆಯಿಂದ ಏಳೆಂಟು ಹುಡುಗರು ಸೆಲ್ಫಿ ತೆಗೆಯುತ್ತ ಸೇತುವೆಯ ಮೇಲೆ ಬಂದರು. ಒಬ್ಬ ಬೇಕೆಂದೇ ಜಿಗಿದ. ಸೇತುವೆ ಒಮ್ಮೆಲೇ ಏರಿ ಇಳಿಯಿತು. ಅನುವಿನ ಕಾಲು ಜಾರಿತು. ಅವಳು ಕಂಬಿಯನ್ನು ತಬ್ಬಿ ಹಲಗೆಯ ಮೇಲೆ ಕುಸಿದು ಕುಳಿತಳು.

“ಅನು!”

ಅವಳು ತಿರುಗಿ ನೋಡಲಿಲ್ಲ. ಹುಡುಗರು ಇನ್ನೂ ಜಿಗಿಯುತ್ತಲೇ ಇದ್ದರು. ಖಾಲಾ ಈಚೆ ತುದಿಯಿಂದ ಓಡಿಬಂದು, ಇವರಿಬ್ಬರನ್ನೂ ದಾಟಿ ಹೋಗಿ ಹುಡುಗರ ಮುಂದೆ ಕೈ ಅಡ್ಡ ಹಿಡಿದಳು. ಕೂಸು ಅಂಜೈತಿ, ಅಲ್ಲೇ ನಿಲ್ಲಿರಿ ಎಂದು ಗದರಿದಳು. ಅವರು ನಿಂತರು. ಆದರೂ ಸೇತುವೆ ತೂಗುವುದು ಬೇಗ ನಿಲ್ಲಲಿಲ್ಲ.

ಅಲ್ಮಾಸ ಬಗ್ಗಿ ಬಗ್ಗಿ ನಡೆದು ಅನುವಿನ ಮುಂದೆ ಕುಳಿತಳು. ಹಲಗೆ ತಣ್ಣಗೆ, ಒದ್ದೆಯಾಗಿತ್ತು. ಸಂದಿಯಲ್ಲಿ ನೀರು ಕಂಡು ಅವಳೂ ಒಂದು ಕೈಯಿಂದ ಕಂಬಿ ಹಿಡಿದಳು.

“ಏಳ, ಹೋಗೂಣು.”

“ಆಗೂದಿಲ್ಲ. ಕಾಲಽ ಏಳಾಕತ್ತಿಲ್ಲ.”

“ಮೊದಲಽ ಯಾಕ ಹೇಳಲಿಲ್ಲ?”

ಅನು ಅವಳ ಮುಖ ನೋಡಿದಳು. “ಹೇಳಿದ್ದೆ.”

ಅಲ್ಮಾಸ ಅವಳ ಕೈ ಹಿಡಿದು ಎಳೆದು ನೋಡಿದಳು. ಅನು ಕಂಬಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಅಲ್ಮಾಸ ಎಳೆಯುವುದನ್ನು ಬಿಟ್ಟಳು. ಅನುವಿನ ಭರತನಾಟ್ಯದ ಕ್ಲಾಸ್ ಮುಗಿಯುವವರೆಗೆ ಎಷ್ಟೋ ಸಂಜೆ ಬಾಗಿಲ ಹೊರಗೆ ಕಾದಿದ್ದಳು ಅವಳು. ಅಲ್ಲಿ ಕಿವಿಗೆ ಬಿದ್ದ ಕುಣಿತದ ಸೊಲ್ಲುಗಳನ್ನು ನೆನಪು ಮಾಡಿಕೊಂಡು, ಹಲಗೆಯನ್ನು ಅಂಗೈಯಿಂದ ತಟ್ಟುತ್ತ ಹೇಳತೊಡಗಿದಳು.

“ತೈಯುಂ ತಾ, ತೈಯುಂ ತೈ, ತತ್ತ…”

ಅನು ಹುಬ್ಬು ಗಂಟಿಕ್ಕಿದಳು. ಅಲ್ಮಾಸ ಮತ್ತೆ ತಪ್ಪಾಗಿಯೇ ಹೇಳಿದಳು, ಅವಳಿಗೆ ಬರುತ್ತಿದ್ದುದೇ ಅಷ್ಟು.

“ಹಂಗಲ್ಲ,” ಎಂದಳು ಅನು. “ತೈಯುಂ ತತ್ತ, ತೈಯುಂ ತಾ.”

“ನೀನಽ ಹೇಳು. ನಾ ತಾಳ ಹಾಕ್ತೇನಿ.”

ಅನು ಹೇಳಿದಳು. ಎರಡನೇ ಸಲ ಹೇಳುವಾಗ ಕಂಬಿ ಹಿಡಿದ ಒಂದು ಕೈ ಸಡಿಲಾಯಿತು. ಆ ಕೈಯಿಂದ ಅಲ್ಮಾಸಳ ಭುಜ ಹಿಡಿದು ಮೆಲ್ಲಗೆ ಎದ್ದಳು. ಅಲ್ಮಾಸ ಹಿಂದೆ ಹಿಂದೆ ಹೆಜ್ಜೆ ಇಡುತ್ತ ಹೋದಳು. ಅನು ಒಂದೊಂದು ಸೊಲ್ಲಿಗೆ ಒಂದೊಂದು ಹಲಗೆ ದಾಟಿದಳು. ನಡುವೆ ಎರಡು ಸಲ ನಿಂತಳು. ಆಗೆಲ್ಲ ಅಲ್ಮಾಸಳೂ ನಿಂತಳು.

ದಂಡೆಯ ಗಟ್ಟಿ ನೆಲ ಸಿಕ್ಕಿದ ಮೇಲೆ ಅನು ಕಲ್ಲಿನ ಮೇಲೆ ಕುಳಿತು ಅತ್ತಳು. ಖಾಲಾ ಅವಳಿಗೆ ನೀರು ಕುಡಿಸಿ, ತಲೆ ಸವರಿ, ಆಟೋ ಕರೆಯಲು ರಸ್ತೆಯ ಕಡೆ ಹೋದಳು.

ಅಲ್ಮಾಸ ಸುಮ್ಮನೆ ಕ್ಯಾಮೆರಾದ ಪರದೆ ನೋಡಿದಳು. ಬಿಸಿಲು, ಮಂಜು, ನಗುತ್ತಿರುವ ಅನು. ಗೋಡೆಯ ನಡುವೆ ಹಾಕಿದರೆ ಎಲ್ಲರೂ ಅಲ್ಲಿಯೇ ನಿಲ್ಲುತ್ತಿದ್ದರು. ಅವಳು ಕ್ಯಾಮೆರಾವನ್ನು ಅನುವಿನ ಮಡಿಲಲ್ಲಿ ಇಟ್ಟಳು. ಬೇಡದ್ದನ್ನು ಹೇಗೆ ಅಳಿಸಬೇಕೆಂದು ತೋರಿಸಿಕೊಟ್ಟಳು.

ಅನು ಒಂದೊಂದಾಗಿ ನೋಡಿದಳು. ಸೇತುವೆಯ ಮೇಲಿನದೆಲ್ಲ ಅಳಿಸಿದಳು. ಅಲ್ಮಾಸ ತಡೆಯಲಿಲ್ಲ. ಅನು ಕ್ಯಾಮೆರಾ ಹಿಂದೆ ಕೊಟ್ಟು ಗೆಜ್ಜೆ ಬಿಚ್ಚತೊಡಗಿದಳು. ಬಾಗಿದ ಅವಳ ಮುಖದ ಮೇಲೆ ಬಿಸಿಲು ಬಿದ್ದಿತ್ತು, ಕೆನ್ನೆಯ ಮೇಲೆ ಕಾಡಿಗೆ ಹರಡಿತ್ತು.

ಅಲ್ಮಾಸಳ ಬೆರಳು ಬಟನ್ ಮೇಲೆ ಹೋಯಿತು. ಅಲ್ಲಿಯೇ ನಿಂತಿತು.

“ಒಂದು ತಗಿಲೇನು?”

ಅನು ಗೆಜ್ಜೆಯ ಗಂಟಿನಿಂದ ಕೈ ತೆಗೆಯಲಿಲ್ಲ. “ತಡಿ,” ಎಂದಳು.

ಅಲ್ಮಾಸ ಕ್ಯಾಮೆರಾ ಕೆಳಗಿಳಿಸಿ, ಅವಳ ಬಾಜೂ ಕುಳಿತುಕೊಂಡು ಕಾದಳು.